ಜೇನುಹನಿಯಿಂದ ದೀಪಸ್ತಂಭದವರೆಗೆ

ಪಾಸ್ಖ ಹಬ್ಬದ ಹಿಂದಿನ ರಾತ್ರಿ ದೇವಾಲಯದ ದೀಪಗಳನ್ನೆಲ್ಲ ಆರಿಸಿ, ಕತ್ತಲಲ್ಲಿ ಒಂದೇ ಒಂದು ಮೇಣದಬತ್ತಿಯನ್ನು ಹೊತ್ತಿಸುತ್ತಾರೆ. ಬಾಗಿಲ ಬಳಿ ನಿಂತವರಿಗೂ ಪೀಠದ ಹತ್ತಿರ ನಿಂತವರಿಗೂ ಅದು ಒಟ್ಟಿಗೇ ಕಾಣುತ್ತದೆ. ಆ ಪುಟ್ಟ ಜ್ವಾಲೆಯಿಂದ ಹೊರಟು ನಮ್ಮ ಕಣ್ಣಿನವರೆಗೆ ಬಂದದ್ದು ಏನು? ಸಾಸಿವೆಗಿಂತ ಸಣ್ಣ ಕಾಳುಗಳೇ? ಇಲ್ಲವೇ ಕೆರೆಯ ನೀರಿನಲ್ಲಿ ಏಳುವಂಥ ಅಲೆಯೇ? ಮಕ್ಕಳು ಕೇಳಬಹುದಾದ ಈ ಪ್ರಶ್ನೆಗೆ ಉತ್ತರ ಹುಡುಕುತ್ತ ದೊಡ್ಡ ದೊಡ್ಡ ಪಂಡಿತರು ಎರಡು ಸಾವಿರ ವರ್ಷ ವಾದ ಮಾಡಿದ್ದಾರೆ. ಆ ವಾದವನ್ನು ಬಹುಮಟ್ಟಿಗೆ ತೀರ್ಮಾನಿಸಿದವರು ಒಬ್ಬ ರಸ್ತೆ ಇಂಜಿನಿಯರ್. ಮೈಯಲ್ಲಿ ಸದಾ ಕಾಯಿಲೆ, ಮನಸ್ಸಿನಲ್ಲಿ ಸದಾ ದೈವಭಕ್ತಿ ಇದ್ದ ಫ್ರಾನ್ಸಿನ ಆ ಕಥೋಲಿಕ ವಿಜ್ಞಾನಿಯ ಹೆಸರು ಅಗಸ್ಟೀನ್ ಫ್ರೆನೆಲ್.

ಅವರ ಜೀವನಕ್ಕೆ ಬರುವ ಮೊದಲು ಆ ವಾದವನ್ನು ಸ್ವಲ್ಪ ತಿಳಿಯೋಣ. ಪ್ರಾಚೀನ ಗ್ರೀಸಿನ ಯೂಕ್ಲಿಡ್ ಮೊದಲಾದವರು, ಕಣ್ಣೇ ಕಿರಣಗಳನ್ನು ಹೊರಕ್ಕೆ ಬಿಟ್ಟು ವಸ್ತುಗಳನ್ನು ಮುಟ್ಟಿ ನೋಡುತ್ತದೆ ಎಂದು ನಂಬಿದ್ದರು. ಸುಮಾರು ಸಾವಿರ ವರ್ಷಗಳ ಹಿಂದೆ ಅರಬ್ ವಿದ್ವಾಂಸ ಇಬ್ನ್ ಅಲ್ ಹೈತಮ್ ಇದನ್ನು ತಿರುವಿಹಾಕಿ, ಬೆಳಕು ವಸ್ತುವಿನಿಂದ ಕಣ್ಣಿಗೆ ಬರುತ್ತದೆ ಎಂದು ವಿವರಿಸಿದರು. ಬರುವುದು ಏನು ಎಂಬುದು ಮಾತ್ರ ಹಾಗೆಯೇ ಉಳಿಯಿತು. 17ನೆಯ ಶತಮಾನದಲ್ಲಿ ಇಟಲಿಯ ಬೊಲೋನ್ಯಾದಲ್ಲಿದ್ದ ಯೇಸುಸಭೆಯ ಗುರು ಫ್ರಾನ್ಸೆಸ್ಕೊ ಗ್ರಿಮಾಲ್ಡಿ ಒಂದು ವಿಚಿತ್ರವನ್ನು ಗಮನಿಸಿದರು. ಕತ್ತಲ ಕೋಣೆಗೆ ಸೂಜಿತೂತಿನಿಂದ ಬಿಸಿಲು ಬಿಟ್ಟು, ಅದಕ್ಕೆ ಒಂದು ಕಡ್ಡಿಯನ್ನು ಅಡ್ಡ ಹಿಡಿದರೆ, ಅದರ ನೆರಳಿನ ಅಂಚು ಗೆರೆ ಕೊರೆದಂತೆ ಚೊಕ್ಕಟವಾಗಿರಲಿಲ್ಲ. ಅಂಚಿನ ಉದ್ದಕ್ಕೂ ಬಣ್ಣಬಣ್ಣದ ಪಟ್ಟಿಗಳಿದ್ದವು. ಬೆಳಕು ಅಂಚಿನಲ್ಲಿ ಕೊಂಚ ಬಾಗುತ್ತದೆ ಎಂದು ಅವರು ತಿಳಿದುಕೊಂಡರು. ಇಂದು ನಮ್ಮ ಪಠ್ಯಪುಸ್ತಕಗಳಲ್ಲಿ ವಿವರ್ತನೆ ಎಂದು ಕರೆಯುವುದು ಇದನ್ನೇ. ಗ್ರಿಮಾಲ್ಡಿಯವರ ಗ್ರಂಥ ಅಚ್ಚಾದದ್ದು 1665ರಲ್ಲಿ, ಅವರು ತೀರಿಕೊಂಡ ಎರಡು ವರ್ಷಗಳ ಮೇಲೆ.

ಆಮೇಲೆ ಎರಡು ಪಕ್ಷಗಳಾದವು. ಹಾಲೆಂಡಿನ ಕ್ರಿಸ್ಟಿಯಾನ್ ಹೈಗೆನ್ಸ್ 1690ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಬೆಳಕು ಅಲೆಯೆಂದರು. ಇಂಗ್ಲೆಂಡಿನ ಐಸಾಕ್ ನ್ಯೂಟನ್ 1704ರ ಗ್ರಂಥದಲ್ಲಿ, ಹೊಳೆಯುವ ವಸ್ತುಗಳು ಅತಿ ಸೂಕ್ಷ್ಮ ಕಣಗಳನ್ನು ಉಗುಳುತ್ತವೆ, ಅವೇ ಬೆಳಕು ಎಂಬ ಕಡೆಗೆ ವಾಲಿದರು. ನ್ಯೂಟನ್ನರ ಪ್ರಶ್ನೆ ಸರಳವಾಗಿತ್ತು. ಗೋಡೆಯ ಆಚೆ ಗಂಟೆ ಬಾರಿಸಿದರೆ ಈಚೆ ಕೇಳುತ್ತದೆ, ಏಕೆಂದರೆ ಶಬ್ದ ಅಲೆ, ಅದು ಬಳಸಿ ಬರುತ್ತದೆ. ಬೆಳಕೂ ಅಲೆಯಾಗಿದ್ದರೆ ಗೋಡೆಯ ಆಚೆಯ ದೀಪ ಏಕೆ ಕಾಣುವುದಿಲ್ಲ? ಇದಕ್ಕೆ ಅಲೆಯವರ ಬಳಿ ಸರಿಯಾದ ಉತ್ತರ ಇರಲಿಲ್ಲ. ನ್ಯೂಟನ್ನರ ಹೆಸರೂ ದೊಡ್ಡದು. ಹೀಗಾಗಿ ನೂರು ವರ್ಷ ಕಣವಾದವೇ ಮೇಲಾಗಿ ನಿಂತಿತು.

ಈಗ ಫ್ರೆನೆಲ್ ಅವರ ಮನೆಗೆ ಹೋಗೋಣ. 1788ರ ಮೇ 10ರಂದು ನಾರ್ಮಂಡಿ ಪ್ರಾಂತ್ಯದ ಬ್ರೋಲಿ ಎಂಬ ಊರಿನಲ್ಲಿ ಅವರು ಹುಟ್ಟಿದರು. ತಂದೆ ಜಾಕ್ ಫ್ರೆನೆಲ್ ಕಟ್ಟಡಶಿಲ್ಪಿ. ತಾಯಿ ಆಗಸ್ಟೀನ್ ಮೆರಿಮೆ. ನಾಲ್ವರು ಗಂಡುಮಕ್ಕಳಲ್ಲಿ ಇವರು ಎರಡನೆಯವರು. ಮರುವರ್ಷವೇ ಫ್ರಾನ್ಸಿನ ಮಹಾಕ್ರಾಂತಿ ಆರಂಭವಾಯಿತು. ದೇವಾಲಯಗಳು ಮುಚ್ಚಿದವು, ಗುರುಗಳು ತಲೆಮರೆಸಿಕೊಂಡರು, ಹಲವರು ಪ್ರಾಣ ತೆತ್ತರು. ತಂದೆ ಶೆರ್ಬೂರ್ ಬಂದರಿನ ಕೆಲಸದಲ್ಲಿದ್ದರು. 1794ರಲ್ಲಿ ಅದೂ ನಿಂತುಹೋಗಿ ಸಂಸಾರ ಕಾಂ ಪಟ್ಟಣದ ಹತ್ತಿರದ ಮಾತ್ಯೂ ಎಂಬ ಹಳ್ಳಿಗೆ ಬಂದು ಸೇರಿತು. ಮಕ್ಕಳಿಗೆ ತಂದೆತಾಯಿಯೇ ಗುರುಗಳು. ಮನೆಯವರು ಕಥೋಲಿಕರಲ್ಲಿ ಜಾನ್ಸೆನಿಸಂ ಎಂಬ ಬಹಳ ಕಟ್ಟುನಿಟ್ಟಿನ ಪಂಗಡದ ಕಡೆಗಿದ್ದವರು. ಆ ಪಂಗಡದ ಹಲವು ಬೋಧನೆಗಳನ್ನು ಧರ್ಮಸಭೆ ಖಂಡಿಸಿತ್ತು ಎಂಬುದನ್ನೂ ಇಲ್ಲಿ ಹೇಳಬೇಕು. ಆದರೆ ಆ ಮನೆಯ ಪ್ರಾರ್ಥನೆ, ಮಿತವಾದ ಬದುಕು ಮತ್ತು ಕೆಲಸದಲ್ಲಿನ ಶ್ರದ್ಧೆ ಮಕ್ಕಳಿಗೆ ಜೀವನದ ಕೊನೆಯವರೆಗೂ ಉಳಿದವು.

ಹುಡುಗ ಅಗಸ್ಟೀನ್ ಓದಿನಲ್ಲಿ ಹಿಂದೆ. ಎಂಟು ವರ್ಷ ತುಂಬಿದರೂ ಸರಿಯಾಗಿ ಓದಲು ಬರುತ್ತಿರಲಿಲ್ಲವಂತೆ. ಬಾಯಿಪಾಠವೆಂದರೆ ಆಗದು. ಮೈಯಲ್ಲಿಯೂ ಶಕ್ತಿ ಸಾಲದು. ಆದರೆ ಮರದ ಕೊಂಬೆಗಳಿಂದ ಆಟದ ಬಿಲ್ಲು, ಆಟದ ತುಪಾಕಿ ಮಾಡುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಯಾವ ಮರದ ಕೊಂಬೆ ಚೆನ್ನಾಗಿ ಬಾಗುತ್ತದೆ, ಹಸಿಯದೋ ಒಣಗಿದ್ದೋ ಎಂದೆಲ್ಲ ಪರೀಕ್ಷಿಸಿ ಮಾಡುತ್ತಿದ್ದ. ಕೊನೆಗೆ ಆ ಆಟಿಕೆಗಳು ಎಷ್ಟು ಅಪಾಯಕಾರಿಯಾದವೆಂದರೆ ಊರಿನ ತಂದೆತಾಯಂದಿರು ಸೇರಿ ಅವುಗಳನ್ನು ನಿಷೇಧಿಸಬೇಕಾಯಿತು! ಜೊತೆಯ ಹುಡುಗರು ಮಾತ್ರ ಅವನನ್ನು ಮಹಾ ಮೇಧಾವಿ ಎಂದೇ ಕರೆಯುತ್ತಿದ್ದರು. ಅಂಕಪಟ್ಟಿ ನೋಡಿ ಮಕ್ಕಳ ಮೇಲೆ ರೇಗುವ ತಂದೆತಾಯಂದಿರು ಈ ಸಂಗತಿಯನ್ನು ಒಮ್ಮೆ ನೆನೆಯಬಹುದು.

ಹನ್ನೆರಡು ಹದಿಮೂರನೆಯ ವಯಸ್ಸಿಗೆ ಕಾಂ ಪಟ್ಟಣದ ಶಾಲೆ ಸೇರಿದ ಮೇಲೆ ಗಣಿತದಲ್ಲಿ ಅವನ ಬುದ್ಧಿ ಅರಳಿತು. 1804ರಲ್ಲಿ ಪ್ಯಾರಿಸಿನ ಪ್ರಸಿದ್ಧ ಪಾಲಿಟೆಕ್ನಿಕ್ ಶಾಲೆಗೆ, 1806ರಲ್ಲಿ ಸೇತುವೆ ಮತ್ತು ರಸ್ತೆ ಇಂಜಿನಿಯರುಗಳ ಶಾಲೆಗೆ ಪ್ರವೇಶ ದೊರೆಯಿತು. ಈ ನಡುವೆ 1805ರಲ್ಲಿ ತಂದೆ ತೀರಿಕೊಂಡರು. ಸೇನೆ ಸೇರಿದ್ದ ಅಣ್ಣ ಲೂಯಿ 1809ರಲ್ಲಿ ಸ್ಪೇನಿನ ಯುದ್ಧದಲ್ಲಿ ಮಡಿದ. ತಾಯಿಗೆ ಉಳಿದದ್ದು ಪ್ರಾರ್ಥನೆ ಮತ್ತು ಮೂವರು ಮಕ್ಕಳು. ಮಗನಿಗೆ ದೊರೆತಿರುವ ದೊಡ್ಡ ಪ್ರತಿಭೆಯನ್ನು ಒಳ್ಳೆಯದಕ್ಕೆ, ದೇವರಿಗೆ ಸಲ್ಲುವಂತೆ ಬಳಸುವ ಕೃಪೆ ಸಿಗಲಿ ಎಂದು ಆಕೆ ಬೇಡಿಕೊಳ್ಳುತ್ತಿದ್ದರು. ಹೆಚ್ಚು ಪಡೆದ ಆಳು ಹೆಚ್ಚಿನ ಲೆಕ್ಕ ಒಪ್ಪಿಸಬೇಕೆಂಬ ಶುಭಸಂದೇಶದ ಬೋಧನೆ ಆಕೆಯ ಮನಸ್ಸಿನಲ್ಲಿ ಗಟ್ಟಿಯಾಗಿ ಕುಳಿತಿತ್ತು. ಮಗನ ಮನಸ್ಸಿಗೂ ಅದು ಇಳಿಯಿತು. ಮುಂದಿನದನ್ನು ತಿಳಿಯಲು ಇದನ್ನು ನೆನಪಿನಲ್ಲಿ ಇಟ್ಟುಕೊಳ್ಳಬೇಕು.

ಇಂಜಿನಿಯರ್ ಆದ ಮೇಲೆ ಸಿಕ್ಕಿದ್ದು ರಸ್ತೆಯ ಕೆಲಸ. ಮೊದಲು ಪಶ್ಚಿಮದ ವಾಂದೆ ಪ್ರದೇಶ, ಆಮೇಲೆ ದಕ್ಷಿಣದ ನಿಯೋಂ. ಸ್ಪೇನ್ ಮತ್ತು ಇಟಲಿಯನ್ನು ಕೂಡಿಸುವ ಹೆದ್ದಾರಿಗೆ ಮಣ್ಣು ಹಾಕಿಸುವುದು, ಕೂಲಿಯವರ ಮೇಲೆ ನಿಗಾ ಇಡುವುದು, ಲೆಕ್ಕ ಬರೆಯುವುದು. ಜನರನ್ನು ಗದರಿಸಿ ಕೆಲಸ ತೆಗೆಯುವುದು ಅವರ ಸ್ವಭಾವಕ್ಕೆ ಒಗ್ಗದ ಸಂಗತಿ. ಆದರೂ ಕರ್ತವ್ಯದಲ್ಲಿ ಲೋಪ ಮಾಡಲಿಲ್ಲ. ಉಳಿದ ಹೊತ್ತಿನಲ್ಲಿ ಬೆಳಕಿನ ಬಗ್ಗೆ ಯೋಚನೆ. 1814ರ ಮೇ ತಿಂಗಳಲ್ಲಿ ತಮ್ಮ ಲೆಯೊನೋರನಿಗೆ ಬರೆದ ಪತ್ರದ ಕೊನೆಯಲ್ಲಿ, ಬೆಳಕಿನ ಧ್ರುವೀಕರಣ ಎಂಬ ಮಾತನ್ನು ಪತ್ರಿಕೆಯಲ್ಲಿ ಕಂಡೆ, ಹಾಗೆಂದರೆ ಏನೆಂದು ತಿಳಿಯಲಿಲ್ಲ, ಏನಾದರೂ ಪುಸ್ತಕ ಕಳುಹಿಸು ಎಂದು ಕೇಳಿಕೊಂಡರು. ಹತ್ತೇ ವರ್ಷದೊಳಗೆ ಆ ವಿಷಯದಲ್ಲಿ ಜಗತ್ತಿನಲ್ಲಿ ಅವರಷ್ಟು ತಿಳಿದವರು ಇನ್ನೊಬ್ಬರಿರಲಿಲ್ಲ.

ಮರುವರ್ಷ ಒಂದು ಕಷ್ಟ ಬಂತು, ಅದೇ ವರವೂ ಆಯಿತು. 1815ರ ಮಾರ್ಚಿನಲ್ಲಿ ನೆಪೋಲಿಯನ್ ಎಲ್ಬಾ ದ್ವೀಪದಿಂದ ಮರಳಿ ಬಂದು ಅಧಿಕಾರ ಹಿಡಿದಾಗ, ರಾಜಪಕ್ಷದವರಾಗಿದ್ದ ಫ್ರೆನೆಲ್ ತಮ್ಮ ದುರ್ಬಲ ದೇಹವನ್ನು ಲೆಕ್ಕಿಸದೆ ಅವನ ವಿರುದ್ಧದ ಪಡೆಗೆ ಸೇರಿಕೊಂಡರು. ಅಲ್ಲಿ ಮಾಡಿದ್ದು ಏನೂ ಇಲ್ಲ, ಕಾಯಿಲೆ ಬಿದ್ದು ಹಿಂದಿರುಗಿದರು. ಕೆಲಸದಿಂದ ಅಮಾನತಾಯಿತು, ಪೊಲೀಸರ ಕಣ್ಣು ಅವರ ಮೇಲೆ ಬಿತ್ತು. ತಾಯಿಯ ಮನೆಗೆ ಹೋಗಲು ಮಾತ್ರ ಅನುಮತಿ ಸಿಕ್ಕಿತು. ದಾರಿಯಲ್ಲಿ ಪ್ಯಾರಿಸಿನಲ್ಲಿ ವಿಜ್ಞಾನಿ ಫ್ರಾಂಸ್ವಾ ಅರಾಗೊ ಅವರನ್ನು ಕಂಡರು. ಅರಾಗೊ ಓದಬೇಕಾದ ಕೆಲವು ಗ್ರಂಥಕರ್ತರ ಹೆಸರುಗಳನ್ನು ಬರೆದುಕೊಟ್ಟರು. ಅವರಲ್ಲಿ ಗ್ರಿಮಾಲ್ಡಿ ಇದ್ದರು, ನ್ಯೂಟನ್ ಇದ್ದರು, ಅಲೆವಾದವನ್ನು ಇಂಗ್ಲೆಂಡಿನಲ್ಲಿ ಮತ್ತೆ ಎತ್ತಿಹಿಡಿದಿದ್ದ ವೈದ್ಯ ಥಾಮಸ್ ಯಂಗ್ ಇದ್ದರು. ಆದರೆ ಆ ಪುಸ್ತಕಗಳು ಮಾತ್ಯೂ ಹಳ್ಳಿಯಲ್ಲಿ ಎಲ್ಲಿ ಸಿಗಬೇಕು? ಸಿಕ್ಕಿದ್ದರೂ ಫ್ರೆನೆಲ್ ಅವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ.

ಪುಸ್ತಕ ಇಲ್ಲ, ಸಲಕರಣೆ ಇಲ್ಲ, ಸಂಬಳ ಇಲ್ಲ. ಇದ್ದದ್ದು ತಾಯಿಯ ಮನೆ, ಬೇಸಿಗೆಯ ಬಿಸಿಲು ಮತ್ತು ಬೇಕಾದಷ್ಟು ಹೊತ್ತು. ಪ್ರಯೋಗಕ್ಕೆ ಅವರಿಗೆ ಸೂಜಿಮೊನೆಯಷ್ಟು ಸಣ್ಣದಾದ, ಆದರೆ ಪ್ರಖರವಾದ ಬೆಳಕಿನ ಚುಕ್ಕೆ ಬೇಕಾಗಿತ್ತು. ಅದಕ್ಕೆ ಬಹಳ ಉಬ್ಬಿದ ಪುಟ್ಟ ಮಸೂರ ಬೇಕು. ಅವರು ತಗಡಿನಲ್ಲಿ ಒಂದು ಸಣ್ಣ ತೂತು ಕೊರೆದು, ಅದರಲ್ಲಿ ಒಂದು ಹನಿ ಜೇನುತುಪ್ಪ ಇಟ್ಟರು. ಜೇನಹನಿ ತಾನೇ ಗುಂಡಾಗಿ ಮಸೂರವಾಯಿತು! ಊರಿನ ಬೀಗ ಮಾಡುವವನಿಂದ ಆಧಾರಕಟ್ಟುಗಳನ್ನು ಮಾಡಿಸಿದರು. ದಾರ ಮತ್ತು ರಟ್ಟಿನಿಂದ ಅಳತೆಯ ಸಾಧನವನ್ನು ತಾವೇ ಕಟ್ಟಿಕೊಂಡರು. ಆ ಬಡ ಸಲಕರಣೆಗಳಿಂದ ನೆರಳಿನ ಅಂಚಿನ ಪಟ್ಟಿಗಳನ್ನು ಮಿಲಿಮೀಟರಿನ ಸಣ್ಣ ಭಾಗಗಳವರೆಗೆ ಅಳೆದರು.

ಅವರು ಕಂಡದ್ದು ಇದು. ತೆಳು ತಂತಿಯನ್ನು ಬೆಳಕಿಗೆ ಅಡ್ಡ ಹಿಡಿದರೆ ನೆರಳಿನ ಒಳಗೂ ಬೆಳಕಿನ ಪಟ್ಟಿಗಳು ಮೂಡುತ್ತವೆ. ತಂತಿಯ ಒಂದು ಪಕ್ಕಕ್ಕೆ ಕಾಗದ ಅಂಟಿಸಿ ಆ ಕಡೆಯ ಬೆಳಕನ್ನು ತಡೆದರೆ ಒಳಗಿನ ಪಟ್ಟಿಗಳೆಲ್ಲ ಮಾಯ. ಅಂದರೆ ಎರಡೂ ಕಡೆಯಿಂದ ಬಂದ ಬೆಳಕು ಕೂಡಿದಾಗ ಮಾತ್ರ ಪಟ್ಟಿ ಉಂಟು. ಕೆರೆಗೆ ಎರಡು ಕಲ್ಲು ಎಸೆದು ನೋಡಿ. ಎರಡು ಅಲೆಗಳ ಏರು ಒಂದಾದ ಕಡೆ ನೀರು ಹೆಚ್ಚು ಏಳುತ್ತದೆ, ಒಂದರ ಏರಿಗೆ ಇನ್ನೊಂದರ ಇಳಿತ ಸೇರಿದ ಕಡೆ ನೀರು ಸುಮ್ಮನಿರುತ್ತದೆ. ಬೆಳಕಿಗೆ ಬೆಳಕು ಸೇರಿ ಕತ್ತಲಾಗುವುದು ಅಲೆಗೆ ಸಾಧ್ಯ. ಕಾಳಿಗೆ ಕಾಳು ಸೇರಿದರೆ ರಾಶಿ ದೊಡ್ಡದಾಗಬೇಕೇ ಹೊರತು ಬರಿದಾಗುವುದು ಹೇಗೆ?

1815ರ ಅಕ್ಟೋಬರಿನಲ್ಲಿ ಈ ಪ್ರಯೋಗಗಳ ವರದಿಯನ್ನು ಪ್ಯಾರಿಸಿನ ವಿಜ್ಞಾನ ಅಕಾಡೆಮಿಗೆ ಕಳುಹಿಸಿದರು. ಅದನ್ನು ಪರಿಶೀಲಿಸಿದ ಅರಾಗೊ ಅವರಿಗೆ ಈ ಇಂಜಿನಿಯರ್ ಸಾಮಾನ್ಯನಲ್ಲ ಎಂದು ಹೊಳೆಯಿತು. ಮೇಲಧಿಕಾರಿಗಳಿಗೆ ಹೇಳಿಸಿ ರಜೆ ಕೊಡಿಸಿ ಪ್ಯಾರಿಸಿಗೆ ಕರೆಸಿಕೊಂಡರು. ಆದರೆ ಅಷ್ಟರಲ್ಲಿ ಒಂದು ನಿರಾಶೆಯೂ ಕಾದಿತ್ತು. ಅವರು ಕಂಡುಹಿಡಿದದ್ದರಲ್ಲಿ ಹಲವನ್ನು ಯಂಗ್ ಹತ್ತು ಹನ್ನೆರಡು ವರ್ಷಗಳ ಹಿಂದೆಯೇ ಕಂಡುಹಿಡಿದಿದ್ದರು. ಫ್ರೆನೆಲ್ ಜಗಳಕ್ಕೆ ನಿಲ್ಲಲಿಲ್ಲ. 1816ರಲ್ಲಿ ಯಂಗ್ ಅವರಿಗೆ ಪತ್ರ ಬರೆದು, ಮೊದಲಿಗರು ನೀವೇ ಎಂದು ವಿನಯದಿಂದ ಒಪ್ಪಿಕೊಂಡರು. ಅದೇ ವರ್ಷ ಅರಾಗೊ ಮತ್ತು ಗೆ-ಲುಸಾಕ್ ಇಂಗ್ಲೆಂಡಿಗೆ ಹೋಗಿ ಯಂಗ್ ದಂಪತಿಗಳನ್ನು ಕಂಡಾಗಿನ ಒಂದು ಪ್ರಸಂಗವನ್ನು ಅರಾಗೊ ಬರೆದಿಟ್ಟಿದ್ದಾರೆ. ಅತಿಥಿಗಳು ಫ್ರೆನೆಲ್ ಅವರನ್ನು ಹೊಗಳುತ್ತಿದ್ದರು, ಅದು ತಮ್ಮ ಪುಸ್ತಕದಲ್ಲಿ ಮೊದಲೇ ಇದೆ ಎಂದು ಯಂಗ್ ಹೇಳುತ್ತಿದ್ದರು. ಅಷ್ಟರಲ್ಲಿ ಸುಮ್ಮನೆ ಕುಳಿತಿದ್ದ ಅವರ ಹೆಂಡತಿ ಎದ್ದು ಒಳಗೆ ಹೋಗಿ, ದಪ್ಪ ಪುಸ್ತಕವೊಂದನ್ನು ತಂದು, ಮಾತಿಲ್ಲದೆ ಆ ಪುಟ ತೆರೆದು ಮೇಜಿನ ಮೇಲಿಟ್ಟರಂತೆ. ಮುಂದೆ ಯಂಗ್ ಮತ್ತು ಫ್ರೆನೆಲ್ ಇಬ್ಬರೂ ಒಬ್ಬರನ್ನೊಬ್ಬರು ಗೌರವದಿಂದಲೇ ಕಂಡರು.

ಯಂಗ್ ಮಾಡದಿದ್ದ ಒಂದು ಕೆಲಸ ಉಳಿದಿತ್ತು, ಲೆಕ್ಕ. ಅಲೆಯ ಮುಂಚೂಣಿಯ ಪ್ರತಿಯೊಂದು ಬಿಂದುವಿನಿಂದಲೂ ಮರಿ ಅಲೆಗಳು ಹೊರಡುತ್ತವೆಂದು ಹೈಗೆನ್ಸ್ ಹೇಳಿದ್ದರು. ಆ ಮರಿ ಅಲೆಗಳೆಲ್ಲ ಎಲ್ಲಿ ಕೂಡುತ್ತವೆ, ಎಲ್ಲಿ ಒಂದನ್ನೊಂದು ಅಳಿಸಿಹಾಕುತ್ತವೆ ಎಂದು ಫ್ರೆನೆಲ್ ಕೂಡಿಸಿ ಲೆಕ್ಕ ಹಾಕಿದರು. ನ್ಯೂಟನ್ನರ ಹಳೆಯ ಪ್ರಶ್ನೆಗೂ ಅದರಲ್ಲೇ ಉತ್ತರ ಸಿಕ್ಕಿತು. ನಮ್ಮ ಮಾತಿನ ಶಬ್ದದ ಅಲೆಯ ಉದ್ದ ಹೆಚ್ಚುಕಡಿಮೆ ಗೇಣು, ಮಾರು ಲೆಕ್ಕದ್ದು. ಬೆಳಕಿನ ಅಲೆಯ ಉದ್ದ ಒಂದು ಮಿಲಿಮೀಟರನ್ನು ಎರಡು ಸಾವಿರ ಭಾಗ ಮಾಡಿದರೆ ಬರುವ ಒಂದು ಭಾಗದಷ್ಟು. ಇಷ್ಟು ಚಿಕ್ಕ ಅಲೆ ಬಾಗುವುದೂ ಅತಿ ಕಡಿಮೆ. ಅದಕ್ಕೇ ಗೋಡೆಯ ಆಚೆಯ ದೀಪ ನಮಗೆ ಕಾಣುವುದಿಲ್ಲ.

1817ರಲ್ಲಿ ಅಕಾಡೆಮಿ, ವಿವರ್ತನೆಯನ್ನು ಕುರಿತ ಅತ್ಯುತ್ತಮ ಪ್ರಬಂಧಕ್ಕೆ ಬಹುಮಾನ ಸಾರಿತು. ಫ್ರೆನೆಲ್ 1818ರಲ್ಲಿ ತಮ್ಮ ಪ್ರಬಂಧ ಒಪ್ಪಿಸಿದರು. ತೀರ್ಪುಗಾರರು ಐವರು. ಲಾಪ್ಲಾಸ್, ಬಿಯೋ ಮತ್ತು ಪಾಯ್ಸನ್ ಕಣವಾದದ ದಿಗ್ಗಜರು. ಗೆ-ಲುಸಾಕ್ ಯಾವ ಪಕ್ಷಕ್ಕೂ ಸೇರಿದವರಲ್ಲ. ಅಲೆಯ ಪರ ಇದ್ದವರು ಅರಾಗೊ ಒಬ್ಬರೇ. ಗಣಿತದಲ್ಲಿ ಅಸಾಧಾರಣರಾದ ಪಾಯ್ಸನ್ ಆ ಲೆಕ್ಕವನ್ನು ಇನ್ನೂ ಮುಂದಕ್ಕೆ ಎಳೆದು ಒಂದು ವಿಚಿತ್ರ ಫಲ ತೋರಿಸಿದರು. ದುಂಡಗಿನ ಬಿಲ್ಲೆಯೊಂದನ್ನು ಬೆಳಕಿಗೆ ಅಡ್ಡ ಇಟ್ಟರೆ, ಅದರ ನೆರಳಿನ ನಟ್ಟನಡುವೆ, ಅಲ್ಲಿ ಬಿಲ್ಲೆಯೇ ಇಲ್ಲವೇನೋ ಎನ್ನುವಷ್ಟು ಪ್ರಕಾಶಮಾನವಾದ ಚುಕ್ಕೆ ಇರಬೇಕು! ನೆರಳಿನ ಮಧ್ಯದಲ್ಲಿ ಬೆಳಕೇ? ಅರಾಗೊ ವಾದಕ್ಕೆ ಹೋಗದೆ ಪ್ರಯೋಗಕ್ಕೆ ಹೋದರು. ಎರಡು ಮಿಲಿಮೀಟರ್ ಅಗಲದ ಲೋಹದ ಬಿಲ್ಲೆಯನ್ನು ಮೇಣದಿಂದ ಗಾಜಿಗೆ ಅಂಟಿಸಿ ನೋಡಿದರು. ನೆರಳಿನ ನಡುವೆ ಚುಕ್ಕೆ ಬೆಳಗುತ್ತಿತ್ತು. 1819ರ ಮಾರ್ಚಿನಲ್ಲಿ ಬಹುಮಾನ ಫ್ರೆನೆಲ್ ಅವರಿಗೆ ಸಂದಿತು. ಈ ಕಥೆ ಹೇಳುವವರು ಪಾಯ್ಸನ್ ಅವರನ್ನು ಖಳನಾಯಕನಂತೆ ಚಿತ್ರಿಸುವುದುಂಟು. ಅದು ಸರಿಯಲ್ಲ ಎನಿಸುತ್ತದೆ. ತನಗೆ ಒಪ್ಪಿಗೆಯಿಲ್ಲದ ಸಿದ್ಧಾಂತವನ್ನು ಅಷ್ಟು ಶ್ರದ್ಧೆಯಿಂದ ಓದಿ ಲೆಕ್ಕ ಹಾಕುವ ವಿರೋಧಿ ಎಲ್ಲರಿಗೂ ಸಿಗುವುದಿಲ್ಲ. ಅವರು ಬಹುಮಾನ ಕೊಡಲು ಒಪ್ಪಿದರು, ಅಲೆವಾದವನ್ನು ಮಾತ್ರ ಒಪ್ಪಲಿಲ್ಲ.

ಇನ್ನೂ ಒಂದು ಗಂಟು ಬಿಡಿಸಬೇಕಿತ್ತು. ಕ್ಯಾಲ್ಸೈಟ್ ಎಂಬ ಹರಳಿನ ಮೂಲಕ ನೋಡಿದರೆ ಒಂದು ವಸ್ತು ಎರಡಾಗಿ ಕಾಣುತ್ತದೆ. ಹೀಗೆ ಸೀಳಿದ ಎರಡು ಕಿರಣಗಳು ಒಂದನ್ನೊಂದು ಅಳಿಸುವುದಿಲ್ಲ ಎಂದು ಫ್ರೆನೆಲ್ ಮತ್ತು ಅರಾಗೊ ಒಟ್ಟಿಗೆ ಕಂಡುಕೊಂಡಿದ್ದರು. ಕಾರಣ? ಹಗ್ಗದ ಒಂದು ತುದಿಯನ್ನು ಕಟ್ಟಿ ಇನ್ನೊಂದನ್ನು ಕುಲುಕಿದರೆ ಅಲೆ ಮುಂದಕ್ಕೆ ಹೋಗುತ್ತದೆ, ಹಗ್ಗ ಮಾತ್ರ ಮೇಲೆ ಕೆಳಗೆ, ಇಲ್ಲವೇ ಎಡಕ್ಕೆ ಬಲಕ್ಕೆ ಆಡುತ್ತದೆ. ಬೆಳಕಿನ ಅಲೆಯೂ ಹೀಗೆ ಅಡ್ಡಡ್ಡವಾಗಿ ಆಡುವ ಅಲೆ ಎಂದು ಫ್ರೆನೆಲ್ 1821ರಲ್ಲಿ ಹೇಳಿದರು. ಧ್ರುವೀಕರಣದ ಗುಟ್ಟು ಅದೇ. ಆದರೆ ಅಡ್ಡ ಅಲೆ ಗಟ್ಟಿ ಪದಾರ್ಥದಲ್ಲಿ ಹರಿಯುತ್ತದೆಯೇ ಹೊರತು ಗಾಳಿಯಂಥ ತೆಳು ವಸ್ತುವಿನ ಒಳಗೆ ಹರಿಯದು. ಹಾಗಾದರೆ ಬೆಳಕನ್ನು ಹೊರುವ ಈಥರ್ ಗಟ್ಟಿಯಾಗಿರಬೇಕಲ್ಲ! ಇದು ಎಷ್ಟು ದಿಟ್ಟ ಮಾತಾಗಿತ್ತೆಂದರೆ ಗೆಳೆಯ ಅರಾಗೊ ಕೂಡ ಇದಕ್ಕೆ ತಮ್ಮ ಹೆಸರು ಸೇರಿಸಲು ಹಿಂಜರಿದರು. ಫ್ರೆನೆಲ್ ಒಬ್ಬರೇ ಅದನ್ನು ಪ್ರಕಟಿಸಿದರು.

ಇಷ್ಟೆಲ್ಲ ನಡೆಯುವಾಗಲೇ ಅವರ ಮೇಜಿನ ಮೇಲೆ ಬೇರೊಂದು ಕೆಲಸ ಬಂದು ಕುಳಿತಿತ್ತು. 1819ರ ಜೂನ್‌ನಲ್ಲಿ ಅರಾಗೊ ಅವರ ಸಲಹೆಯಂತೆ ಸರ್ಕಾರದ ದೀಪಸ್ತಂಭ ಆಯೋಗಕ್ಕೆ ಫ್ರೆನೆಲ್ ಅವರನ್ನು ತೆಗೆದುಕೊಂಡರು. ಕರಾವಳಿಯ ಓದುಗರಿಗೆ ದೀಪಸ್ತಂಭದ ಬೆಲೆ ಹೇಳಿಕೊಡಬೇಕಾಗಿಲ್ಲ. ಫ್ರಾನ್ಸಿನ ತೀರದಲ್ಲಿ ಆಗ ಎಣ್ಣೆದೀಪದ ಹಿಂದೆ ಲೋಹದ ಕನ್ನಡಿ ಇಟ್ಟು ಬೆಳಕು ಬೀರುತ್ತಿದ್ದರು. ಬೆಳಕಿನ ಅರ್ಧದಷ್ಟನ್ನು ಕನ್ನಡಿಯೇ ನುಂಗುತ್ತಿತ್ತು. ಮಬ್ಬು ರಾತ್ರಿಗಳಲ್ಲಿ ಹಡಗುಗಳು ಬಂಡೆಗೆ ಬಡಿಯುವುದೂ, ನಾವಿಕರ ಹೆಂಡಿರು ಮಕ್ಕಳು ಅನಾಥರಾಗುವುದೂ ತಪ್ಪಿರಲಿಲ್ಲ.

ಕನ್ನಡಿಯ ಬದಲು ಗಾಜಿನ ಮಸೂರ ಇಡಬಹುದು. ಆದರೆ ಅಷ್ಟು ದೊಡ್ಡ ಮಸೂರ ಗುಡ್ಡದಂತೆ ದಪ್ಪವಾಗುತ್ತದೆ. ಭಾರವೂ ಹೆಚ್ಚು, ಬೆಳಕನ್ನು ಹೀರುವುದೂ ಹೆಚ್ಚು. ಫ್ರೆನೆಲ್ ಯೋಚಿಸಿದರು. ಬೆಳಕನ್ನು ತಿರುಗಿಸುವುದು ಗಾಜಿನ ಮೇಲ್ಮೈಯ ಓರೆ, ಒಳಗಿನ ದಪ್ಪ ಅಲ್ಲ. ಹಾಗಾದರೆ ಒಳಗಿನ ಗಾಜನ್ನು ತೆಗೆದುಹಾಕಿ, ಓರೆಯನ್ನು ಮಾತ್ರ ಉಂಗುರ ಉಂಗುರವಾಗಿ, ಮೆಟ್ಟಿಲಿನಂತೆ ಜೋಡಿಸಿದರೆ ಸಾಕು. ಇಂಥ ಯೋಚನೆ ಬ್ಯುಫೋನ್ ಅವರಿಗೆ ಹಿಂದಿನ ಶತಮಾನದಲ್ಲೇ ಬಂದಿತ್ತೆಂದು ಆಮೇಲೆ ಅವರಿಗೆ ತಿಳಿಯಿತು. ಆದರೆ ಅದನ್ನು ಕಡಲ ತೀರಕ್ಕೆ ತಂದು ನಿಲ್ಲಿಸಿದವರು ಇವರೇ. ಕುಶಲಕರ್ಮಿ ಸೊಲೇಯ್ ಅವರ ಕೈಯಿಂದ 97 ಗಾಜಿನ ತುಂಡುಗಳನ್ನು ತೇಯಿಸಿ ಮೊದಲ ಮಾದರಿ ಮಾಡಿಸಿದರು. ಅಂಥ ಗಾಜು ಆಗ ಸುಲಭವಾಗಿ ಸಿಗುತ್ತಿರಲಿಲ್ಲ, ಸಿಕ್ಕಿದ್ದರಲ್ಲಿ ಗುಳ್ಳೆ, ಗೆರೆ. ಒಂದರೊಳಗೊಂದು ಸುತ್ತಿನ ಬತ್ತಿಗಳಿರುವ ದೀಪವನ್ನು ಅರಾಗೊ ಜೊತೆ ಸೇರಿ ರೂಪಿಸಿದರು. 1821ರ ಏಪ್ರಿಲ್ 13ರ ಸಂಜೆ ಹೊಸ ಮಸೂರವನ್ನೂ ಅತ್ಯುತ್ತಮ ಕನ್ನಡಿಗಳನ್ನೂ ಪಕ್ಕಪಕ್ಕದಲ್ಲಿ ಬೆಳಗಿಸಿ ಜನರ ಮುಂದೆ ಪರೀಕ್ಷಿಸಿದಾಗ ಕನ್ನಡಿಗಳು ಮಂಕಾದವು.

ಮೊದಲ ಪೂರ್ಣ ಯಂತ್ರಕ್ಕೆ ಆರಿಸಿದ್ದು ಜಿರೋಂದ್ ನದಿ ಕಡಲು ಸೇರುವ ಕಡೆ, ಬಂಡೆಯ ಮೇಲೆ ನಿಂತಿರುವ ಕೊರ್ದುವಾನ್ ದೀಪಸ್ತಂಭವನ್ನು. 1611ರಲ್ಲಿ ಕಟ್ಟಿ ಮುಗಿಸಿದ ಈ ಗೋಪುರದ ಒಳಗೆ ಮಾತೆ ಮರಿಯಮ್ಮನವರ ಹೆಸರಿನ ಪ್ರಾರ್ಥನಾಲಯವಿದೆ. ಕೆಳಗೆ ದೇವಮಾತೆಯ ಪೀಠ, ಮೇಲೆ ನಾವಿಕರ ದೀಪ! 2021ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. 1823ರ ಜುಲೈಯಲ್ಲಿ ಎಂಟು ಮಸೂರಗಳ ತಿರುಗುವ ಯಂತ್ರ ಅಲ್ಲಿ ಬೆಳಗಿತು. 30 ಕಿಲೋಮೀಟರಿಗಿಂತ ದೂರದಿಂದಲೂ ನಾವಿಕರು ಅದನ್ನು ಕಂಡರು.

ಅಲೆವಾದ ಕಂಡುಹಿಡಿದದ್ದರಿಂದಲೇ ಫ್ರೆನೆಲ್ ಈ ಮಸೂರ ಮಾಡಿದರು ಎಂದು ಕೆಲವರು ಬರೆಯುತ್ತಾರೆ. ನಿಜ ಹಾಗಿಲ್ಲ. ಗಾಜಿನಲ್ಲಿ ಬೆಳಕು ಎಷ್ಟು ತಿರುಗುತ್ತದೆಂಬ ಹಳೆಯ ನಿಯಮವೊಂದೇ ಇದಕ್ಕೆ ಸಾಕಿತ್ತು. ಬೆಳಕು ಅಲೆಯಾದರೇನು, ಕಣವಾದರೇನು, ಮಸೂರ ಕೆಲಸ ಮಾಡುತ್ತಿತ್ತು. ಹಾಗೆ ನೋಡಿದರೆ ಸಿದ್ಧಾಂತಕ್ಕೆ ಇದರಿಂದ ಲಾಭವಿಲ್ಲ, ನಷ್ಟವೇ. ಬೆಳಕಿನ ಗುಟ್ಟುಗಳು ಒಂದೊಂದಾಗಿ ಕೈಗೆ ಬರುತ್ತಿದ್ದ ಆ ವರ್ಷಗಳಲ್ಲಿ ಅವರು ಗಾಜಿನ ಕಾರ್ಖಾನೆ, ಎಣ್ಣೆಯ ಲೆಕ್ಕ, ಬತ್ತಿಯ ಅಳತೆ ಎಂದು ಓಡಾಡಿದರು. ದೇಹದಲ್ಲಿ ಶಕ್ತಿ ಕಡಿಮೆಯಿದ್ದ, ಆಯುಸ್ಸು ಹೆಚ್ಚಿಲ್ಲವೆಂದು ಅರಿತಿದ್ದ ಮನುಷ್ಯ ಹೀಗೇಕೆ ಮಾಡಿದರು? ತಮ್ಮ ಬುದ್ಧಿಶಕ್ತಿ ದೇವರು ಕೊಟ್ಟದ್ದು, ಅದನ್ನು ಪರರ ಉಪಯೋಗಕ್ಕೆ ಸಲ್ಲಿಸುವುದು ತಮ್ಮ ಋಣ ಎಂದು ಅವರು ನಂಬಿದ್ದರು. ಮದುವೆಯಾಗಲಿಲ್ಲ, ವಿನೋದಕ್ಕೆ ಹೋಗಲಿಲ್ಲ, ಹೊತ್ತು ಮುಗಿಯುವುದರೊಳಗೆ ಲೆಕ್ಕ ಒಪ್ಪಿಸಬೇಕೆಂಬ ಆತುರದಲ್ಲಿ ದೇಹ ದಣಿಯುವವರೆಗೂ ದುಡಿದರು. ಇದರಲ್ಲಿ ಅವರ ಮನೆಯ ಕಟ್ಟುನಿಟ್ಟಿನ ಧರ್ಮದ ಅತಿರೇಕವೂ ಸ್ವಲ್ಪ ಇತ್ತೆಂದು ತೋರುತ್ತದೆ. ವಿಶ್ರಾಂತಿಯೂ ದೇವರು ಕೊಟ್ಟದ್ದೇ ಅಲ್ಲವೇ? ಆದರೂ ಕತ್ತಲಲ್ಲಿ ದಡ ಸೇರಿದ ನಾವಿಕರಲ್ಲಿ ಯಾರೂ ಅವರು ಹೊತ್ತು ವ್ಯರ್ಥ ಮಾಡಿದರೆಂದು ಹೇಳಲಾರರು.

1823ರ ಮೇ ತಿಂಗಳಲ್ಲಿ ಅಕಾಡೆಮಿ ಅವರನ್ನು ಒಮ್ಮತದಿಂದ ಸದಸ್ಯರನ್ನಾಗಿ ಆರಿಸಿತು. ಆಗಲೇ ಕ್ಷಯರೋಗ ಒಳಗೆ ಮನೆ ಮಾಡಿತ್ತು. 1824ರಲ್ಲಿ ಕೆಮ್ಮಿದಾಗ ರಕ್ತ ಬಂತು. ಪಾಲಿಟೆಕ್ನಿಕ್ ಶಾಲೆಯ ಪರೀಕ್ಷಕರ ಹುದ್ದೆ ಬಿಟ್ಟರು, ಸಿದ್ಧಾಂತದ ಕೆಲಸವನ್ನು ಬಹುತೇಕ ನಿಲ್ಲಿಸಿದರು. ಬಿಡದೆ ಇಟ್ಟುಕೊಂಡದ್ದು ದೀಪಸ್ತಂಭಗಳನ್ನು. ಫ್ರಾನ್ಸಿನ ತೀರದುದ್ದಕ್ಕೂ ಒಂದು ದೀಪದ ಬೆಳಕು ಮರೆಯಾಗುವ ಮೊದಲೇ ಇನ್ನೊಂದು ಕಾಣುವಂತೆ 51 ದೀಪಸ್ತಂಭಗಳ ಯೋಜನೆ 1825ರಲ್ಲಿ ಸಿದ್ಧವಾಯಿತು. ನಿಂತು ನೋಡಿಕೊಳ್ಳಲು ತಮ್ಮ ಲೆಯೊನೋರ್ ಬಂದರು. ಹಿಂದೆ ಅಣ್ಣನಿಗೆ ಪುಸ್ತಕ ಹುಡುಕಿ ಕಳುಹಿಸಬೇಕಾಗಿದ್ದ ಅದೇ ತಮ್ಮ.

1827ರ ಜೂನ್‌ನಲ್ಲಿ ಹಳ್ಳಿಯ ಗಾಳಿಯಿಂದ ಗುಣವಾದೀತೆಂದು ಪ್ಯಾರಿಸಿನ ಹತ್ತಿರದ ವೀಲ್-ದಾವ್ರೆಗೆ ಕರೆದುಕೊಂಡು ಹೋದರು. ಜೊತೆಯಲ್ಲಿ ತಾಯಿ. ಗೆಳೆಯ ಇಂಜಿನಿಯರ್ ಡ್ಯುಲೊ ಆರೈಕೆಗೆ ನಿಂತರು. ಉಪಯುಕ್ತವಾದ ಪ್ರಶ್ನೆಗಳು ಇನ್ನೂ ಎಷ್ಟೋ ಇವೆ, ಅವುಗಳನ್ನು ಬಿಡಿಸುವ ಭಾಗ್ಯ ಸಿಗಬಹುದೆಂದು ಇನ್ನಷ್ಟು ದಿನ ಬದುಕುವ ಆಸೆ ಇತ್ತು ಎಂದು ಅವರು ಗೆಳೆಯನಲ್ಲಿ ಹೇಳಿಕೊಂಡರು. ಲಂಡನ್ನಿನ ರಾಯಲ್ ಸೊಸೈಟಿ ಕೊಟ್ಟ ರಂಫರ್ಡ್ ಪದಕವನ್ನು ಅರಾಗೊ ತಂದು ಹಾಸಿಗೆಯ ಬಳಿ ಒಪ್ಪಿಸಿದಾಗ, ಅದನ್ನು ತರುವುದು ಗೆಳೆಯನಿಗೆ ಎಷ್ಟು ದುಃಖದ ಕೆಲಸವೆಂದು ಫ್ರೆನೆಲ್ ಅವರೇ ಸಮಾಧಾನ ಹೇಳಬೇಕಾಯಿತು. ಎಂಟು ದಿನಗಳ ಮೇಲೆ, ಜುಲೈ 14ರಂದು ಅವರು ಕಣ್ಣು ಮುಚ್ಚಿದರು. ವಯಸ್ಸು 39.

ಅವರ ಸಿದ್ಧಾಂತ ಮುಂದೆ ಏನಾಯಿತು? 1850ರಲ್ಲಿ ಲಿಯೋನ್ ಫೂಕೋ, ಬೆಳಕು ಗಾಳಿಗಿಂತ ನೀರಿನಲ್ಲಿ ನಿಧಾನ ಎಂದು ತೋರಿಸಿದರು. ಕಣವಾದದ ಪ್ರಕಾರ ಅದು ನೀರಿನಲ್ಲಿ ಹೆಚ್ಚು ವೇಗವಾಗಬೇಕಿತ್ತು. ಅಲ್ಲಿಗೆ ಹಳೆಯ ವಾದ ಮುಗಿಯಿತು. ಬೆಳಕು ವಿದ್ಯುತ್ತು ಮತ್ತು ಕಾಂತಗಳ ಅಡ್ಡ ಅಲೆ ಎಂದು 1860ರ ದಶಕದಲ್ಲಿ ಮ್ಯಾಕ್ಸ್‌ವೆಲ್ ಹೇಳಿದ ಮೇಲೆ, ಆ ಗಟ್ಟಿ ಈಥರಿನ ಅಗತ್ಯ ಕ್ರಮೇಣ ಕಳೆದುಹೋಯಿತು. ಫ್ರೆನೆಲ್ ಅವರ ಸೂತ್ರಗಳು ಮಾತ್ರ ಉಳಿದವು. 1905ರಲ್ಲಿ ಐನ್‌ಸ್ಟೈನ್, ಬೆಳಕು ಕೆಲವೊಮ್ಮೆ ಕಣಗಳಂತೆಯೂ ನಡೆದುಕೊಳ್ಳುತ್ತದೆಂದು ತೋರಿಸಿದ್ದರಿಂದ ನ್ಯೂಟನ್ನರ ಪಕ್ಷಕ್ಕೂ ಕೊಂಚ ನ್ಯಾಯ ಸಿಕ್ಕಿತು.

ಫ್ರೆನೆಲ್ ಅವರ ಬರಹಗಳಲ್ಲಿ ಬಹುಪಾಲು ಅವರು ಬದುಕಿದ್ದಾಗ ಅಚ್ಚಾಗಲೇ ಇಲ್ಲ. 1823ರಲ್ಲಿ ಅಕಾಡೆಮಿಗೆ ಒಪ್ಪಿಸಿದ್ದ ಒಂದು ಮುಖ್ಯ ಪ್ರಬಂಧ ಕಳೆದೇ ಹೋಯಿತೆಂದು ಎಲ್ಲರೂ ತಿಳಿದಿದ್ದರು. ಗಣಿತಜ್ಞ ಫೂರ್ಯೆ 1830ರಲ್ಲಿ ತೀರಿಕೊಂಡ ಮೇಲೆ ಅವರ ಕಾಗದಗಳ ನಡುವೆ ಅದು ಸಿಕ್ಕಿತು. ಎಲ್ಲವನ್ನೂ ಕೂಡಿಸಿ ಮೂರು ಸಂಪುಟಗಳಲ್ಲಿ ಹೊರತರುವ ಕೆಲಸ 1866ರಲ್ಲಿ ಆರಂಭವಾಯಿತು. ಸಂಪಾದಕರಲ್ಲಿ ಮುದುಕರಾಗಿದ್ದ ಲೆಯೊನೋರ್ ಒಬ್ಬರು. ದೀಪಸ್ತಂಭದ ಬರಹಗಳಿರುವ ಮೂರನೆಯ ಸಂಪುಟ 1870ರಲ್ಲಿ ಹೊರಬಂತು. ಅದಕ್ಕೆ ಒಂದು ವರ್ಷ ಮೊದಲೇ ಲೆಯೊನೋರ್ ತೀರಿಕೊಂಡಿದ್ದರು.